ಕಕ್ಷೆಯಲ್ಲಿ ಬಿಟ್ ಮಗುಚಿದಾಗ: ನೌಕೆಯ ಮೆಮೊರಿ ದೋಷ ಪತ್ತೆ ಮಾಡುವ ಬಗೆ

ಉಪಗ್ರಹ ಈಗ ತಾನೇ ದಿಗಂತ ದಾಟಿ ಮೇಲೆ ಬಂದಿದೆ. ಮಾತಾಡಲು ಸಿಗುವುದು ಎಂಟು ಹತ್ತು ನಿಮಿಷ. ಟೆಲಿಮೆಟ್ರಿಯಲ್ಲಿ, ಅಂದರೆ ನೌಕೆ ತನ್ನ ಸ್ಥಿತಿ ತಿಳಿಸಿ ಕಳಿಸುವ ಮಾಹಿತಿಯಲ್ಲಿ, ಮೆಮೊರಿ ದೋಷದ ಕೌಂಟರ್ ನಿನ್ನೆಗಿಂತ ತುಂಬಾ ಜಾಸ್ತಿ ತೋರಿಸುತ್ತಿದೆ. ಆಗ ಎಲ್ಲರಿಗೂ ಮೊದಲು ತೋಚುವುದು ರೀಸೆಟ್. ದಯವಿಟ್ಟು ಕೈ ತಡೆಯಿರಿ. ರೀಸೆಟ್ ಕೊಟ್ಟ ಕೂಡಲೇ ಕೌಂಟರ್ ಸೊನ್ನೆಗೆ ಬರುತ್ತದೆ. ಕೊನೆಯ ದೋಷ ಯಾವ ಅಡ್ರೆಸ್‌ನಲ್ಲಿತ್ತು ಅಂತ ಹಿಡಿದಿಟ್ಟುಕೊಂಡ ರಿಜಿಸ್ಟರ್ ಅಳಿಸಿಹೋಗುತ್ತದೆ. ತೊಂದರೆ ಮಾತ್ರ ಹಾಗೇ ಉಳಿದಿರಬಹುದು. ನಾಳೆ ಮತ್ತೆ ಬಂದಾಗ ನಿಮ್ಮ ಕೈಯಲ್ಲಿ ಒಂದು ಸುಳಿವೂ ಇರುವುದಿಲ್ಲ.

ಮೊದಲು ಬರೆದಿಟ್ಟುಕೊಳ್ಳಿ

ತಿದ್ದಲು ಬಂದ ದೋಷ ಎಷ್ಟು, ತಿದ್ದಲು ಬಾರದ್ದು ಎಷ್ಟು. ಕೊನೆಯ ದೋಷದ ಅಡ್ರೆಸ್ ಏನು, ಸಿಂಡ್ರೋಮ್ ಏನು. ಸಿಂಡ್ರೋಮ್ ಅಂದರೆ ವರ್ಡ್‌ನ ಯಾವ ಬಿಟ್ ತಪ್ಪಿದೆ ಅಂತ ಹೇಳುವ ಸಂಖ್ಯೆ. ಬಿಟ್ ಅಂದರೆ ಒಂದು 0 ಅಥವಾ 1, ವರ್ಡ್ ಅಂದರೆ ಒಮ್ಮೆಗೆ ಓದುವ ಬಿಟ್‌ಗಳ ಗುಂಪು. ಇವುಗಳ ಜೊತೆಗೆ ನೌಕೆಯ ಗಡಿಯಾರದ ಸಮಯ, ಮೆಮೊರಿ ಬೋರ್ಡಿನ ಕರೆಂಟ್, ವೋಲ್ಟೇಜ್, ಉಷ್ಣಾಂಶ, ಹಿಂದಿನ ರೀಸೆಟ್‌ಗೆ ಕಾರಣ, ಎಷ್ಟು ಸಲ ಬೂಟ್ ಆಗಿದೆ, ಈಗ ಓಡುತ್ತಿರುವ ಸಾಫ್ಟ್‌ವೇರ್ ಯಾವ ಆವೃತ್ತಿ. ಇಷ್ಟೂ ಸಾಮಾನ್ಯ ಟೆಲಿಮೆಟ್ರಿಯಲ್ಲೇ ಬರುವಂತೆ ಮೊದಲೇ ಮಾಡಿಟ್ಟಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಇವತ್ತಿನ ಪಾಸ್ (ನೌಕೆ ನಮ್ಮ ಮೇಲೆ ಹಾದುಹೋಗುವ ಹೊತ್ತು) ಇದಕ್ಕೇ ಹೋಗಲಿ.

ಆಮೇಲೆ ಮೆಮೊರಿ ಡಂಪ್, ಅಂದರೆ ಮೆಮೊರಿಯಲ್ಲಿ ಇರುವುದನ್ನು ಹಾಗೇ ಕೆಳಗೆ ತರಿಸಿಕೊಳ್ಳುವುದು. ಇಲ್ಲಿ ಎಚ್ಚರ ಬೇಕು. ಮಾಮೂಲಿ ಡಂಪ್ ಕಮಾಂಡ್ ಮೆಮೊರಿಯನ್ನು ಓದುವುದು ಇಡಿಎಸಿ ಮೂಲಕ. ಇಡಿಎಸಿ ಅಂದರೆ ದೋಷ ಕಂಡುಹಿಡಿದು ತಿದ್ದುವ ಸರ್ಕ್ಯೂಟ್. ಅದು ದಾರಿಯಲ್ಲೇ ತಿದ್ದಿಬಿಡುತ್ತದೆ, ಹಾಗಾಗಿ ನಿಮಗೆ ಸಿಗುವುದು ಸರಿಯಾದ ಡೇಟಾ. ಮಗುಚಿದ ಬಿಟ್ ಕಣ್ಣಿಗೆ ಬೀಳುವುದೇ ಇಲ್ಲ. ಇಡಿಎಸಿ ತಿದ್ದುವುದನ್ನು ನಿಲ್ಲಿಸಿ ಚೆಕ್ ಬಿಟ್‌ಗಳ (ತಪ್ಪು ಹಿಡಿಯಲು ಡೇಟಾ ಜೊತೆ ಇಡುವ ಹೆಚ್ಚುವರಿ ಬಿಟ್‌ಗಳ) ಸಮೇತ ಓದುವ ಸೌಲಭ್ಯ ಇದ್ದರೆ ಅದನ್ನೇ ಬಳಸಿ, ಅದೂ ಅನುಮಾನವಿರುವ ಜಾಗಕ್ಕೆ ಮಾತ್ರ.

ಕರೆಂಟ್ ಏರಿದ್ದರೆ ಕಾಯಬೇಡಿ

ಸಾಕ್ಷಿ ಉಳಿಸಿ ಅಂದೆ. ಅದಕ್ಕೆ ಒಂದೇ ಒಂದು ವಿನಾಯಿತಿ ಇದೆ. ಮೆಮೊರಿಯ ಕರೆಂಟ್ ಇದ್ದಕ್ಕಿದ್ದಂತೆ ಮೆಟ್ಟಿಲು ಹತ್ತಿದ ಹಾಗೆ ಏರಿ ಅಲ್ಲೇ ನಿಂತಿದ್ದರೆ, ಅದು ಲ್ಯಾಚ್‌ಅಪ್ ಇರಬಹುದು. ಸಿಮಾಸ್ ಅನ್ನುವ ಸಾಮಾನ್ಯ ಬಗೆಯ ಚಿಪ್‌ನ ಒಳರಚನೆಯಲ್ಲಿ ಯಾರೂ ಬೇಕೆಂದು ಇಡದ ಒಂದು ಥೈರಿಸ್ಟರ್ (ಒಮ್ಮೆ ಆನ್ ಆದರೆ ವಿದ್ಯುತ್ ಕಡಿಯುವ ತನಕ ಆನ್ ಆಗಿಯೇ ಉಳಿಯುವ ಸ್ವಿಚ್) ಅಡಗಿರುತ್ತದೆ. ಭಾರವಾದ ಅಯಾನು ಹಾದುಹೋದಾಗ ಅದು ಹೊತ್ತಿಕೊಂಡರೆ ವಿದ್ಯುತ್ ಬರುವ ತಂತಿಗೂ ಗ್ರೌಂಡ್ ತಂತಿಗೂ ನೇರ ದಾರಿ ಆಗುತ್ತದೆ. ರೀಸೆಟ್‌ನಿಂದ ಇದು ಆರುವುದಿಲ್ಲ. ವಿದ್ಯುತ್ ಕಡಿಯಲೇಬೇಕು. ತಡ ಮಾಡಿದರೆ ಚಿಪ್ ಒಳಗಿನ ಲೋಹದ ಎಳೆ ಕರಗಿಹೋಗಬಹುದು.

ಕಡಿದ ಮೇಲೂ ಕರೆಂಟ್ ಪೂರ್ತಿ ಇಳಿಯಿತಾ ನೋಡಿ. ಎಷ್ಟೋ ಬೋರ್ಡುಗಳಲ್ಲಿ ಮೆಮೊರಿಯ ಪವರ್ ಪಿನ್ ಆಫ್ ಆದರೂ, ಪ್ರೊಸೆಸರ್ ಕಡೆಯಿಂದ ಬರುವ ಡೇಟಾ ಲೈನ್‌ಗಳು ಚಿಪ್‌ನ ರಕ್ಷಣಾ ಡಯೋಡ್ ಮೂಲಕ ಅದಕ್ಕೆ ಜೀವ ಕೊಡುತ್ತಲೇ ಇರುತ್ತವೆ. ಆಗ ಲ್ಯಾಚ್‌ಅಪ್ ಬಿಡುವುದಿಲ್ಲ. ಆ ಲೈನ್‌ಗಳನ್ನೂ ಸೊನ್ನೆಗೆ ಇಳಿಸಿ, ಕೆಲವು ಸೆಕೆಂಡ್ ಬಿಟ್ಟು ಮತ್ತೆ ಆನ್ ಮಾಡಿ. ಸರಿಹೋಯಿತು ಅನಿಸಿದರೂ ಆ ಚಿಪ್‌ನ ಮೇಲೆ ಕೆಲವು ವಾರ ಕಣ್ಣಿಡಿ. ಒಳಗೆ ಪೆಟ್ಟು ಬಿದ್ದಿದ್ದು ನಿಧಾನವಾಗಿ ಹೊರಬರುವುದುಂಟು.

ಕರೆಂಟ್ ಮಾಮೂಲಾಗಿದ್ದರೆ ಅವಸರ ಇಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಿ. ದೋಷ ಬಂದಾಗ ನೌಕೆ ಎಲ್ಲಿತ್ತು? ಮೆಮೊರಿಯಲ್ಲಿ ಯಾವ ಜಾಗ? ಸರಿಯಾದ ಮೌಲ್ಯ ಬರೆದ ಮೇಲೆ ಮತ್ತೆ ಬಂತಾ?

ನೌಕೆ ಎಲ್ಲಿತ್ತು

ವಿದ್ಯುದಾವೇಶ ಇರುವ ಕಣ ಸಿಲಿಕಾನ್ ಮೂಲಕ ಹಾಯುವಾಗ ದಾರಿಯುದ್ದಕ್ಕೂ ಚಾರ್ಜ್ ಬಿಟ್ಟು ಹೋಗುತ್ತದೆ. ಅದು ಸಾಕಷ್ಟು ಪ್ರಮಾಣದಲ್ಲಿ ಒಂದು ಕೋಶಕ್ಕೆ ಸೇರಿದರೆ 0 ಇದ್ದದ್ದು 1 ಆಗುತ್ತದೆ, 1 ಇದ್ದದ್ದು 0. ಏನೂ ಸುಟ್ಟಿರುವುದಿಲ್ಲ. ಮತ್ತೆ ಬರೆದರೆ ಸರಿ. ಇದೇ ಬಿಟ್ ಮಗುಚುವುದು.

ಕೆಳಕಕ್ಷೆಯ ಉಪಗ್ರಹಗಳಲ್ಲಿ ಇಂಥ ದೋಷಗಳನ್ನು ಭೂಪಟದ ಮೇಲೆ ಚುಕ್ಕಿ ಇಟ್ಟು ನೋಡಿದರೆ ಬ್ರೆಜಿಲ್ ಮತ್ತು ಅದರ ಪಕ್ಕದ ಸಮುದ್ರದ ಮೇಲೆ ಚುಕ್ಕಿಗಳು ಗುಂಪುಗೂಡಿರುತ್ತವೆ. ಅದು ದಕ್ಷಿಣ ಅಟ್ಲಾಂಟಿಕ್ ವೈಪರೀತ್ಯದ ಜಾಗ. ಅಲ್ಲಿ ಭೂಮಿಯ ಕಾಂತಕ್ಷೇತ್ರ ದುರ್ಬಲ, ಭೂಮಿಯನ್ನು ಸುತ್ತಿರುವ ವಿಕಿರಣ ಕಣಗಳ ವ್ಯಾನ್ ಆಲನ್ ಒಳಪಟ್ಟಿ ಸುಮಾರು 200 ಕಿ.ಮೀ. ಎತ್ತರದವರೆಗೂ ಇಳಿದು ಬರುತ್ತದೆ. ಧ್ರುವಗಳ ಹತ್ತಿರವೂ ಕೆಲವು ಚುಕ್ಕಿ ಕಾಣುತ್ತವೆ. ನಿಮ್ಮ ಚುಕ್ಕಿಗಳೂ ಹೀಗೇ ಬಿದ್ದಿದ್ದರೆ ವಿಕಿರಣ ಅಂತ ಧೈರ್ಯವಾಗಿ ಹೇಳಬಹುದು. ಎಲ್ಲಾ ಕಡೆ ಒಂದೇ ದಿನ ಏರಿ ಇಳಿದಿದ್ದರೆ ಸೂರ್ಯನ ಕಡೆ ನೋಡಿ. ಶನಿ ಗ್ರಹಕ್ಕೆ ಹೋದ ಕ್ಯಾಸಿನಿ ನೌಕೆಯ ಡೇಟಾ ರೆಕಾರ್ಡರ್‌ನಲ್ಲಿ ದಿನಕ್ಕೆ ಸುಮಾರು 280 ಒಂಟಿ ಬಿಟ್ ದೋಷ ಬರುವುದು ಮಾಮೂಲಾಗಿತ್ತು. 1997ರ ನವೆಂಬರ್ 6ರಂದು ಮಾತ್ರ ಅದು ನಾಲ್ಕು ಪಟ್ಟಿಗೂ ಮೀರಿ ಏರಿತು. ಅದೇ ದಿನ ಗೋಸ್ 9 ಉಪಗ್ರಹ ಸೂರ್ಯನಿಂದ ಬಂದ ಕಣಗಳ ಅಲೆಯನ್ನು ದಾಖಲಿಸಿತ್ತು.

ಒಂದು ಮಾತು ನೆನಪಿಡಿ. ದೋಷ ಕಂಡ ಸಮಯವೂ ಬಿಟ್ ಮಗುಚಿದ ಸಮಯವೂ ಒಂದೇ ಅಲ್ಲ. ಮೆಮೊರಿಯನ್ನು ಸುತ್ತಿ ಸುತ್ತಿ ಓದಿ ತಿದ್ದುವ ಸ್ಕ್ರಬ್ಬರ್ ಆ ವರ್ಡ್‌ಗೆ ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಸುತ್ತಿಗೆ 90 ನಿಮಿಷ ಹಿಡಿದರೆ ಅಷ್ಟರಲ್ಲಿ ನೌಕೆ ಭೂಮಿಯನ್ನೇ ಸುತ್ತಿರುತ್ತದೆ. ಆಗ ಭೂಪಟದ ಚುಕ್ಕಿಗಳಿಗೆ ಅರ್ಥವೇ ಇಲ್ಲ. ಜಾಗ ಗುರುತಿಸಬೇಕು ಅಂದರೆ ಕೆಲವು ನಿಮಿಷಕ್ಕೊಂದು ಸುತ್ತು ಬೇಕು.

ಚುಕ್ಕಿಗಳು ಜಾಗಕ್ಕೆ ಹೊಂದದೆ ಬೇರೆ ಯಾವುದಕ್ಕೋ ಹೊಂದಿದರೆ ಅದೂ ಒಳ್ಳೆಯ ಸುಳಿವೇ. ಟ್ರಾನ್ಸ್‌ಮಿಟರ್ ಆನ್ ಆದಾಗಲೆಲ್ಲ ದೋಷ ಬರುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆಯಾ ನೋಡಿ. ಬಿಸಿಲಿಗೆ ಬಂದು ಬೋರ್ಡ್ ಕಾದಾಗ ಬರುತ್ತಿದ್ದರೆ ಚಿಪ್‌ನ ಟೈಮಿಂಗ್ ಅಥವಾ ಬಲ ಕುಂದಿದ ಕೋಶಗಳ ಮೇಲೆ ಅನುಮಾನ ಇಡಿ.

ಕೌಂಟರ್ ಎಣಿಸುವುದು ಏನನ್ನು

ನಾನು ಕೆಲಸ ಮಾಡಿದ ಒಂದು ಚಿಕ್ಕ ಉಪಗ್ರಹದ ಕತೆ ಹೇಳುತ್ತೇನೆ. ಸಾಫ್ಟ್‌ವೇರ್ ಪ್ಯಾಚ್ ಹಾಕಿ ಮೂರು ವಾರ ಆಗಿತ್ತು. ಒಂದು ಬೆಳಿಗ್ಗೆ ನೋಡಿದರೆ ತಿದ್ದಿದ ದೋಷಗಳ ಕೌಂಟರ್ ಓಡುತ್ತಿದೆ. ಮೊದಲ ಟೆಲಿಮೆಟ್ರಿ ಫ್ರೇಮ್‌ನಲ್ಲಿ 2,310. ಹತ್ತು ಸೆಕೆಂಡ್ ಬಿಟ್ಟು 2,410. ಮತ್ತೆ ಹತ್ತು ಸೆಕೆಂಡ್, 2,510. ದಿನಕ್ಕೆ ನಾಲ್ಕೈದು ದೋಷ ಕಾಣುತ್ತಿದ್ದ ನೌಕೆ ಅದು. ಸೌರ ಸ್ಫೋಟ ಇರಬೇಕು ಅಂದರು ಒಬ್ಬರು. ಆದರೆ ಸೂರ್ಯನಿಂದ ಬರುವ ಪ್ರೋಟಾನ್‌ಗಳ ಅಳತೆ ಶಾಂತವಾಗಿತ್ತು.

ಆ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಪ್ರತಿ ಸಲವೂ ಸರಿಯಾಗಿ ನೂರು. ಕಣಗಳು ಹಾಗೆ ಗಡಿಯಾರ ನೋಡಿಕೊಂಡು ಬೀಳುವುದಿಲ್ಲ ಅಲ್ವಾ? ಸೆಕೆಂಡಿಗೆ ಹತ್ತು ಸಲ ನಡೆಯುವ ಕೆಲಸ ನೌಕೆಯಲ್ಲಿ ಯಾವುದಿದೆ ಅಂತ ಹುಡುಕಿದೆವು. ನೌಕೆಯ ದಿಕ್ಕು ನಿಯಂತ್ರಿಸುವ ಲೂಪ್ ಸಿಕ್ಕಿತು. ಕೊನೆಯ ದೋಷದ ಅಡ್ರೆಸ್ ಪ್ರತಿ ಫ್ರೇಮ್‌ನಲ್ಲೂ ಒಂದೇ, ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯೆಯಲ್ಲಿ) 401820. ಸಿಂಡ್ರೋಮ್ ಕೂಡ ಒಂದೇ. ಆ ಅಡ್ರೆಸ್‌ನಲ್ಲಿ ಇದ್ದದ್ದು ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್‌ನ ತಿದ್ದುಪಡಿ ಕೋಷ್ಟಕ. ಲೂಪ್ ಅದನ್ನು ಸೆಕೆಂಡಿಗೆ ಹತ್ತು ಸಲ ಓದುತ್ತದೆ, ಎಂದೂ ಬರೆಯುವುದಿಲ್ಲ. ನಮ್ಮ ಇಡಿಎಸಿ ಓದುವಾಗ ಬಸ್ಸಿನ (ಮೆಮೊರಿಗೂ ಪ್ರೊಸೆಸರಿಗೂ ನಡುವಿನ ಡೇಟಾ ತಂತಿಗಳ) ಮೇಲೆ ಡೇಟಾವನ್ನು ತಿದ್ದಿ ಕೊಡುತ್ತಿತ್ತು, ಕೋಶದೊಳಗಿನ ತಪ್ಪನ್ನು ಹಾಗೇ ಬಿಡುತ್ತಿತ್ತು. ಮಗುಚಿದ್ದು ಒಂದೇ ಬಿಟ್, ಒಂದೇ ಸಲ. ಎಣಿಕೆಯಾದದ್ದು ಸಾವಿರಾರು ಓದು.

ಹಾಗಾದರೆ ಸ್ಕ್ರಬ್ಬರ್ ಯಾಕೆ ತಿದ್ದಿ ಬರೆಯಲಿಲ್ಲ? 401820 ಅಂದರೆ 4 ಎಂಬಿ ಗಡಿ ದಾಟಿ ಸುಮಾರು 6 ಕೆಬಿ ಆಚೆ. ಸ್ಕ್ರಬ್ಬರ್‌ಗೆ ಕೊಟ್ಟಿದ್ದ ಕೊನೆಯ ಅಡ್ರೆಸ್ 400000, ಸರಿಯಾಗಿ 4 ಎಂಬಿ. ಪ್ಯಾಚ್‌ನಲ್ಲಿ ಪ್ರೋಗ್ರಾಂ ಬೆಳೆದು ಕೋಷ್ಟಕ ಗಡಿಯಾಚೆ ಸರಿದಿತ್ತು. ಗಡಿಯನ್ನು ಯಾರೂ ಬದಲಿಸಿರಲಿಲ್ಲ.

ಆದ್ದರಿಂದ ನಿಮ್ಮ ಕೌಂಟರ್ ಓದುಗಳನ್ನು ಎಣಿಸುತ್ತದೋ ಬೇರೆ ಬೇರೆ ದೋಷಗಳನ್ನು ಎಣಿಸುತ್ತದೋ ಅಂತ ಮೊದಲು ತಿಳಿದುಕೊಳ್ಳಿ. ಏರಿಕೆ ಸಮಗತಿಯಲ್ಲಿದ್ದು ಅಡ್ರೆಸ್ ಬದಲಾಗದಿದ್ದರೆ ಸರಿಯಾದ ಮೌಲ್ಯವನ್ನು ಅದೇ ಜಾಗಕ್ಕೆ ಒಮ್ಮೆ ಬರೆಯಿರಿ. ಕೌಂಟರ್ ನಿಂತರೆ ಸ್ಕ್ರಬ್ಬರ್ ಕಡೆ ನೋಡಿ. ಸ್ಕ್ರಬ್ಬರ್ ಓಡುತ್ತಿದೆ ಅನ್ನುವ ಫ್ಲ್ಯಾಗ್ ಒಂದನ್ನೇ ನಂಬಬೇಡಿ. ಖಾಲಿ ಇರುವ ಒಂದು ವರ್ಡ್‌ನಲ್ಲಿ ಬೇಕೆಂದೇ ಒಂದು ಚೆಕ್ ಬಿಟ್ ತಪ್ಪಾಗಿ ಬರೆದು, ಒಂದು ಸುತ್ತು ಮುಗಿದ ಮೇಲೆ ಕೌಂಟರ್ ಒಂದು ಏರಿತಾ, ಬಿಟ್ ಸರಿಯಾಯಿತಾ ನೋಡಿ. ಇದನ್ನು ಮೊದಲು ನೆಲದ ಮೇಲಿನ ಮಾದರಿಯಲ್ಲಿ ಮಾಡಿ, ಆಮೇಲೆ ಕಕ್ಷೆಯಲ್ಲಿ.

ಒಂದೇ ವರ್ಡ್‌ನಲ್ಲಿ ಎರಡು ಬಿಟ್

ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಕೋಡ್‌ನ ವಿಸ್ತರಿಸಿದ ರೂಪವೇ ಇವತ್ತಿಗೂ ಹೆಚ್ಚಿನ ನೌಕೆಗಳಲ್ಲಿ ಕಾಣುವುದು. 32 ಬಿಟ್ ಡೇಟಾಗೆ 7 ಚೆಕ್ ಬಿಟ್, 64ಕ್ಕೆ 8. ಒಂದು ಬಿಟ್ ತಪ್ಪಿದರೆ ತಿದ್ದುತ್ತದೆ, ಎರಡು ತಪ್ಪಿದರೆ ತಪ್ಪಿದೆ ಅಂತ ಹೇಳುತ್ತದೆ ಅಷ್ಟೇ. ಎರಡು ಬಿಟ್ ದೋಷ ಕಂಡಾಗ 'ಕಾಕತಾಳೀಯ' ಅಂತ ಬಿಟ್ಟುಬಿಡುವ ಮುಂಚೆ ಒಂದು ಚಿಕ್ಕ ಲೆಕ್ಕ ಮಾಡಿ.

16 ಎಂಬಿ ಮೆಮೊರಿ ಅಂದರೆ 32 ಬಿಟ್‌ನ ಸುಮಾರು 42 ಲಕ್ಷ ವರ್ಡ್. ದಿನಕ್ಕೆ 100 ಬಿಟ್ ಮಗುಚುತ್ತವೆ, ದಿನಕ್ಕೊಮ್ಮೆ ಮಾತ್ರ ಸ್ಕ್ರಬ್ ಮಾಡುತ್ತೀರಿ ಅಂದುಕೊಳ್ಳೋಣ. ಆ 100ರಲ್ಲಿ ಎರಡು ಒಂದೇ ವರ್ಡ್‌ಗೆ ಬೀಳುವ ಸಂಭವ ಹೆಚ್ಚುಕಡಿಮೆ 100ರ ವರ್ಗದ ಅರ್ಧವನ್ನು 42 ಲಕ್ಷದಿಂದ ಭಾಗಿಸಿದಷ್ಟು. ಅಂದರೆ 0.0012. ಸರಾಸರಿ 2.3 ವರ್ಷಕ್ಕೊಮ್ಮೆ. ಗಂಟೆಗೊಮ್ಮೆ ಸ್ಕ್ರಬ್ ಮಾಡಿದರೆ 55 ವರ್ಷಕ್ಕೊಮ್ಮೆ. ನಿಮಗೆ ಒಂದೇ ವಾರದಲ್ಲಿ ಎರಡು ಸಲ ಕಂಡಿದ್ದರೆ ಅದು ಕಾಕತಾಳೀಯ ಖಂಡಿತ ಅಲ್ಲ.

ಉಳಿದ ಕಾರಣಗಳು ಮೂರು. ಸ್ಕ್ರಬ್ಬರ್ ನಿಂತಿರಬಹುದು. ಆ ವರ್ಡ್‌ನಲ್ಲಿ ಮೊದಲೇ ಒಂದು ಬಿಟ್ ಕೆಟ್ಟು ಕೂತಿರಬಹುದು. ಇಲ್ಲವೇ ಒಂದೇ ಕಣ ಅಕ್ಕಪಕ್ಕದ ಎರಡು ಕೋಶಗಳನ್ನು ಮಗುಚಿರಬಹುದು, ಆ ಎರಡೂ ಕೋಶ ಒಂದೇ ವರ್ಡ್‌ಗೆ ಸೇರಿರಬಹುದು. ಒಳ್ಳೆಯ ವಿನ್ಯಾಸದಲ್ಲಿ ಒಂದು ವರ್ಡ್‌ನ ಬಿಟ್‌ಗಳನ್ನು ಚಿಪ್‌ನಲ್ಲಿ ದೂರ ದೂರ ಹರಡಿರುತ್ತಾರೆ, ಅಥವಾ ಬೇರೆ ಬೇರೆ ಚಿಪ್‌ಗಳಿಗೆ ಹಂಚಿರುತ್ತಾರೆ. ಕ್ಯಾಸಿನಿಯ ರೆಕಾರ್ಡರ್‌ನಲ್ಲಿ ಈ ಹಂಚಿಕೆ ಸರಿ ಇರಲಿಲ್ಲ. ಹಾಗಾಗಿ ತಿದ್ದಲಾಗದ ದೋಷಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ಕಂಡವು. ಇದು ಹಾರಿದ ಮೇಲೆ ತಿದ್ದಲು ಬರುವ ವಿಷಯ ಅಲ್ಲ. ಮುಖ್ಯ ಡೇಟಾದ ಇನ್ನೊಂದು ಪ್ರತಿ ಬೇರೆ ಚಿಪ್‌ನಲ್ಲಿ ಇಟ್ಟುಕೊಳ್ಳುವುದೊಂದೇ ದಾರಿ.

ಎರಡಲ್ಲ, ಒಂದೇ ಕ್ಷಣದಲ್ಲಿ ಸಾವಿರಾರು ವರ್ಡ್, ಅದೂ ಸಾಲಾಗಿ ಅಥವಾ ಒಂದು ಬ್ಯಾಂಕ್ (ಚಿಪ್‌ನ ಒಂದು ವಿಭಾಗ) ಪೂರ್ತಿ ಕೆಟ್ಟಿದ್ದರೆ ಕತೆ ಬೇರೆ. ಡೇಟಾ ಕೋಶಗಳಲ್ಲ, ಚಿಪ್‌ನ ಸ್ವಂತ ನಿಯಂತ್ರಣ ಭಾಗದ ಬಿಟ್ ಮಗುಚಿದೆ. ಎಸ್‌ಡಿರ್ಯಾಮ್‌ನಲ್ಲಿ (ಒಂದು ಬಗೆಯ ಮೆಮೊರಿ ಚಿಪ್) ಅದು ಹೇಗೆ ಕೆಲಸ ಮಾಡಬೇಕು ಅಂತ ಹೇಳುವ ಮೋಡ್ ರಿಜಿಸ್ಟರ್ ಹಾಳಾದರೆ ಹೀಗಾಗುತ್ತದೆ. ಚಿಪ್‌ಗೆ ಮೊದಲಿಂದ ಇನಿಷಿಯಲೈಸ್ ಕೊಡಿ, ಆಗದಿದ್ದರೆ ಪವರ್ ಆಫ್ ಮಾಡಿ ಆನ್ ಮಾಡಿ. ಒಳಗಿದ್ದ ಡೇಟಾ ಹೋಯಿತು ಅಂತಲೇ ಲೆಕ್ಕ.

ತಿದ್ದಿದರೂ ಮರಳಿ ಬರುವ ಬಿಟ್

ಸರಿಯಾದ ಮೌಲ್ಯ ಬರೆದಿರಿ, ಅದೇ ಬಿಟ್ ಮತ್ತೆ ತಪ್ಪಿತು. ಹಾಗಿದ್ದರೆ ಕೋಶವೇ ಕೆಟ್ಟಿರಬೇಕು. ಆ ಜಾಗಕ್ಕೆ ಎಲ್ಲಾ 0 ಬರೆದು ಓದಿ, ಎಲ್ಲಾ 1 ಬರೆದು ಓದಿ. ಬರೆದ ಕೂಡಲೇ ಓದಿ 'ಸರಿ ಇದೆ' ಅಂದುಬಿಡಬೇಡಿ. ಡೈನಾಮಿಕ್ ರ್ಯಾಮ್‌ನಲ್ಲಿ ವಿಕಿರಣದಿಂದ ಬಲ ಕುಂದಿದ ಕೋಶ ಚಾರ್ಜ್ ಅನ್ನು ಸ್ವಲ್ಪ ಹೊತ್ತು ಹಿಡಿದು ಆಮೇಲೆ ಸೋರಿಸುತ್ತದೆ. ಬರೆದು, ರಿಫ್ರೆಶ್‌ಗಳ (ಕೋಶಗಳಿಗೆ ಆಗಾಗ ಚಾರ್ಜ್ ತುಂಬುವ ಕೆಲಸದ) ಮಧ್ಯೆ ಕಾಯುವಷ್ಟು ಕಾದು, ಆಮೇಲೆ ಓದಿ. ತಂಪಾಗಿದ್ದಾಗ ಒಮ್ಮೆ, ಕಾದಿದ್ದಾಗ ಒಮ್ಮೆ ಮಾಡಿ. ಬಿಸಿಯಲ್ಲಿ ಮಾತ್ರ ತಪ್ಪಿದರೆ ರಿಫ್ರೆಶ್ ಬೇಗ ಬೇಗ ಮಾಡಿಸಿ ಕೆಲವು ಕಾಲ ತಳ್ಳಬಹುದು.

'ಒಂದು ಬಿಟ್ ತಾನೇ, ಇಡಿಎಸಿ ತಿದ್ದುತ್ತದೆ ಬಿಡು' ಅಂತ ಸುಮ್ನೆ ಇರಬೇಡಿ. ಆ ವರ್ಡ್‌ನ ತಿದ್ದುವ ಶಕ್ತಿಯೆಲ್ಲ ಈ ಒಂದಕ್ಕೇ ಖರ್ಚಾಗಿದೆ. ಅಲ್ಲಿ ಇನ್ನೊಂದು ಮಗುಚಿದರೆ ತಿದ್ದಲಾಗದ ದೋಷ. ಆ ಜಾಗವನ್ನು ಬಳಕೆಯಿಂದ ತೆಗೆಯಿರಿ. ಮೂರು ಪ್ರತಿ ಇಟ್ಟು ಬಹುಮತ ನೋಡುವ ಮೆಮೊರಿಯಲ್ಲೂ ಹೀಗೇ. ಒಂದು ಪ್ರತಿ ಸತ್ತರೂ ಉತ್ತರ ಸರಿಯಾಗಿಯೇ ಬರುತ್ತಿರುತ್ತದೆ. ಯಾವ ಪ್ರತಿ ಎಷ್ಟು ಸಲ ಬೇರೆ ಹೇಳಿತು ಅನ್ನುವ ಲೆಕ್ಕವನ್ನು ಬೇರೆಯಾಗಿ ತರಿಸಿ ನೋಡಿ.

ಜಾಗ ಬದಲಿಸುವುದು ಎಷ್ಟು ದೂರದವರೆಗೆ ಸಾಧ್ಯ ಅನ್ನುವುದಕ್ಕೆ ನಾಸಾದ ವಾಯೇಜರ್ 1 ನೌಕೆ ಸಾಕು. 2023ರ ನವೆಂಬರ್‌ನಲ್ಲಿ ಅದರಿಂದ ಅರ್ಥವಾಗುವ ಡೇಟಾ ಬರುವುದು ನಿಂತಿತು. 2024ರ ಮಾರ್ಚ್‌ನಲ್ಲಿ ಒಂದು ಕಮಾಂಡ್ ಕಳಿಸಿ ಡೇಟಾ ಕಂಪ್ಯೂಟರಿನ ಪೂರ್ತಿ ಮೆಮೊರಿ ತರಿಸಿಕೊಂಡರು. ಅದನ್ನು ಹಳೆಯ ಪ್ರತಿಯ ಜೊತೆ ಹೋಲಿಸಿದಾಗ ಮೆಮೊರಿಯ ಸುಮಾರು ಶೇ. 3 ಹಾಳಾಗಿದ್ದು ಗೊತ್ತಾಯಿತು. ಕಾರಣ ಒಂದು ಚಿಪ್. ಅದರಲ್ಲಿದ್ದ ಕೋಡ್ ಪೂರ್ತಿ ಹಿಡಿಸುವಷ್ಟು ಖಾಲಿ ಜಾಗ ಒಂದೇ ಕಡೆ ಇರಲಿಲ್ಲ. ತುಂಡು ತುಂಡು ಮಾಡಿ ಸಿಕ್ಕ ಸಿಕ್ಕ ಮೂಲೆಗಳಿಗೆ ಸೇರಿಸಿದರು, ಒಂದು ತುಂಡು ಇನ್ನೊಂದನ್ನು ಕರೆಯುವ ಅಡ್ರೆಸ್‌ಗಳನ್ನೆಲ್ಲ ತಿದ್ದಿದರು. ಏಪ್ರಿಲ್ 18ರಂದು ಮೊದಲ ಭಾಗ ಕಳಿಸಿದರು. ಸಿಗ್ನಲ್ ಹೋಗಲು ಇಪ್ಪತ್ತೆರಡೂವರೆ ಗಂಟೆ, ಬರಲು ಅಷ್ಟೇ. ಏಪ್ರಿಲ್ 20ರಂದು ಅದು ಮತ್ತೆ ಅರ್ಥವಾಗುವ ಹಾಗೆ ಮಾತಾಡಿತು. ನನಗೆ ಈ ಕೆಲಸದ ಮೇಲೆ ಇರುವ ಪ್ರೀತಿಗೆ ಇಂಥವೇ ಕಾರಣ.

ಇಡಿಎಸಿ ಸುಮ್ಮನಿದೆ, ಡೇಟಾ ಮಾತ್ರ ತಪ್ಪು

ಇದು ಎಲ್ಲಕ್ಕಿಂತ ಜಾಸ್ತಿ ದಾರಿ ತಪ್ಪಿಸುವ ಲಕ್ಷಣ. ಕೌಂಟರ್ ಸೊನ್ನೆ, ಆದರೆ ಪ್ರೋಗ್ರಾಂ ಇಮೇಜ್‌ನ (ಮೆಮೊರಿಯಲ್ಲಿ ಇಟ್ಟ ಪ್ರೋಗ್ರಾಂ ಪ್ರತಿಯ) ಸಿಆರ್‌ಸಿ, ಅಂದರೆ ಡೇಟಾ ಬದಲಾಗಿದೆಯಾ ಅಂತ ಪರೀಕ್ಷಿಸುವ ಸಂಖ್ಯೆ, ಹೊಂದುತ್ತಿಲ್ಲ. ಇಡಿಎಸಿ ಕಾಯುವುದು ಮೆಮೊರಿಯೊಳಗೆ ಇಟ್ಟದ್ದನ್ನು ಮಾತ್ರ. ಪ್ರೊಸೆಸರ್ ರಿಜಿಸ್ಟರ್‌ನಲ್ಲೋ ರಕ್ಷಣೆ ಇಲ್ಲದ ಕ್ಯಾಶ್‌ನಲ್ಲೋ (ಪ್ರೊಸೆಸರ್ ಬಳಸುವ ಚಿಕ್ಕ, ವೇಗದ ಮೆಮೊರಿ) ಬಿಟ್ ಮಗುಚಿ, ಆ ತಪ್ಪು ಮೌಲ್ಯ ಮೆಮೊರಿಗೆ ಬಂದರೆ ಇಡಿಎಸಿ ಅದಕ್ಕೂ ನಿಷ್ಠೆಯಿಂದ ಚೆಕ್ ಬಿಟ್ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ. ಅದರ ಪಾಲಿಗೆ ಎಲ್ಲವೂ ಸರಿ. ದಾರಿ ತಪ್ಪಿದ ಪಾಯಿಂಟರ್ (ಎಲ್ಲಿ ಬರೆಯಬೇಕು ಅಂತ ಪ್ರೋಗ್ರಾಂ ಇಟ್ಟುಕೊಂಡ ಅಡ್ರೆಸ್) ಬರೆದದ್ದೂ ಹೀಗೇ ಕಾಣುತ್ತದೆ.

ಇವೆರಡನ್ನು ಬೇರೆ ಮಾಡುವುದು ಹೇಗೆ? ಕೆಟ್ಟ ಜಾಗವನ್ನು ಡಂಪ್ ಮಾಡಿ ಮೂಲ ಇಮೇಜ್ ಜೊತೆ ಹೋಲಿಸಿ. ವ್ಯತ್ಯಾಸ ಒಂದೇ ಬಿಟ್ ಆಗಿದ್ದರೆ ದಾರಿಯಲ್ಲಿ ಎಲ್ಲೋ ಮಗುಚಿದೆ ಅನ್ನಬಹುದು. ಇಡೀ ವರ್ಡ್, ಅದರ ಅಕ್ಕಪಕ್ಕದವೂ ಬೇರೆಯೇ ಆಗಿ, ಒಂದು ಸಮಯವೋ ಸೆನ್ಸರ್ ಮೌಲ್ಯವೋ ಇದ್ದ ಹಾಗೆ ಕಂಡರೆ ಸಾಫ್ಟ್‌ವೇರ್ ಅಲ್ಲಿ ಬರೆದಿದೆ. ಏನು ಬರೆದಿದೆ ಅನ್ನುವುದರಿಂದಲೇ ಬರೆದವರು ಯಾರು ಅಂತ ಎಷ್ಟೋ ಸಲ ಗೊತ್ತಾಗುತ್ತದೆ.

ಅನುಮಾನ ಬಂದ ಬಿಟ್ಟನ್ನು ನೆಲದ ಮೇಲಿನ ಕಂಪ್ಯೂಟರಿನಲ್ಲಿ ಮಗುಚಿ ನೋಡುವುದು ಕೊನೆಯ ಪರೀಕ್ಷೆ. 2010ರ ಏಪ್ರಿಲ್‌ನಲ್ಲಿ ವಾಯೇಜರ್ 2ರ ವೈಜ್ಞಾನಿಕ ಡೇಟಾ ಓದಲಾಗದ ಹಾಗೆ ಬರತೊಡಗಿತು. ಮೆಮೊರಿ ತರಿಸಿ ನೋಡಿದರೆ ಒಂದು ಬಿಟ್ 0 ಇದ್ದದ್ದು 1 ಆಗಿತ್ತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಅದೇ ಬಿಟ್ಟನ್ನು ನೆಲದ ಮೇಲೆ ಮಗುಚಿ, ನೌಕೆಯಿಂದ ಬರುತ್ತಿದ್ದ ತಪ್ಪು ಡೇಟಾಗೆ ಅದು ಹೊಂದುತ್ತದೆ ಅಂತ ಖಚಿತ ಮಾಡಿಕೊಂಡರು. ಆಮೇಲಷ್ಟೇ ಮೇ 19ರಂದು ಸರಿಮಾಡಿದರು.

ಬೂಟ್ ಆಗಿ ಬೂಟ್ ಆಗಿ ಬೀಳುತ್ತಿದ್ದರೆ

ವಿಕಿರಣವನ್ನು ಕೊನೆಗೆ ಇಟ್ಟುಕೊಳ್ಳಿ. ಕಣದಿಂದ ಆದ ತಪ್ಪು ಸಾಮಾನ್ಯವಾಗಿ ಒಂದು ರೀಸೆಟ್‌ಗೆ ಹೋಗುತ್ತದೆ. ಪ್ರತಿ ಬೂಟ್‌ನಲ್ಲೂ ಅದೇ ಹಂತದಲ್ಲಿ ಬೀಳುತ್ತಿದೆ ಅಂದರೆ, ಬೂಟ್ ಆದರೂ ಅಳಿಯದ ಯಾವುದೋ ಜಾಗದಲ್ಲಿ ತಪ್ಪು ಇದೆ. ಮಂಗಳನ ಮೇಲಿದ್ದ ಸ್ಪಿರಿಟ್ ರೋವರ್ 2004ರ ಜನವರಿ 21ರಂದು ಹೀಗೆ ಸಿಕ್ಕಿಕೊಂಡಿತು. ಅರವತ್ತಕ್ಕೂ ಹೆಚ್ಚು ಸಲ ರೀಬೂಟ್ ಆಯಿತು. ಫ್ಲ್ಯಾಶ್‌ನಲ್ಲಿ ಫೈಲುಗಳು ವಿಪರೀತ ಸೇರಿ, ಅವುಗಳ ಪಟ್ಟಿ ಹಿಡಿಸಲು ರ್ಯಾಮ್ ಸಾಲುತ್ತಿರಲಿಲ್ಲ. ಫ್ಲ್ಯಾಶ್ ಮುಟ್ಟದೆ ಬೂಟ್ ಆಗು ಅಂತ ಕಮಾಂಡ್ ಕೊಟ್ಟಾಗ ಅದು ನಿಂತುಕೊಂಡಿತು, ಆಮೇಲೆ ಫ್ಲ್ಯಾಶ್ ಅಳಿಸಿ ಹೊಸದಾಗಿ ಸಿದ್ಧ ಮಾಡಿದರು. ನಿಮ್ಮ ನೌಕೆಯಲ್ಲೂ ಅಂಥ ಒಂದು ಕಮಾಂಡ್ ಇರಲೇಬೇಕು. ಒಂದೊಂದೇ ಮೆಮೊರಿಯನ್ನು ಬಿಟ್ಟು ಬೂಟ್ ಮಾಡಿ. ಯಾವುದನ್ನು ಬಿಟ್ಟಾಗ ನೌಕೆ ಬೀಳದೆ ನಿಲ್ಲುತ್ತದೋ ಅಲ್ಲಿ ಹುಡುಕಿ.

ಸರಿಮಾಡಿದ ಮೇಲೆ

ತಕ್ಷಣ ಕಡತ ಮುಚ್ಚಬೇಡಿ. ದಕ್ಷಿಣ ಅಟ್ಲಾಂಟಿಕ್ ಮೇಲೆ ಹತ್ತಾರು ಸಲ ಹಾದುಹೋಗಲಿ. ಬಿಸಿ, ತಂಪು, ಟ್ರಾನ್ಸ್‌ಮಿಟರ್ ಆನ್ ಎಲ್ಲವೂ ಆಗಲಿ. ಮೊದಲಿನ ದರಕ್ಕೆ ಬಂತಾ ನೋಡಿ. ಕೌಂಟರ್ ಪೂರ್ತಿ ಸೊನ್ನೆಯಲ್ಲೇ ನಿಂತಿದ್ದರೆ ಅದೂ ಅನುಮಾನದ ವಿಷಯವೇ, ಎಣಿಸುವುದೇ ನಿಂತಿರಬಹುದು.

ನಮ್ಮ ಉಪಗ್ರಹದಲ್ಲಿ 401820ಕ್ಕೆ ಸರಿಯಾದ ಮೌಲ್ಯ ಬರೆದ ಕೂಡಲೇ ಕೌಂಟರ್ ನಿಂತಿತು. ಮುಂದಿನ ಪಾಸ್‌ನಲ್ಲಿ ಸ್ಕ್ರಬ್ಬರ್‌ನ ಕೊನೆಯ ಅಡ್ರೆಸ್ಸನ್ನು ಕೋಷ್ಟಕದಾಚೆಗೆ ಸರಿಸಿದೆವು. ಹೊಸ ಗಡಿಯೊಳಗಿನ ಮೊದಲ ಸುತ್ತಿನಲ್ಲೇ ಅದು ಇನ್ನೂ ಮೂರು ವರ್ಡ್ ತಿದ್ದಿತು. ಮೂರೂ ಒಂಟಿ ಬಿಟ್ ದೋಷ, ಮೂರೂ ಯಾರೂ ಓದದ ಜಾಗದಲ್ಲಿ. ಪ್ಯಾಚ್ ಹಾಕಿದಂದಿನಿಂದ ಅವು ಅಲ್ಲೇ ಸೇರಿಕೊಂಡಿದ್ದವು. ಅಂದಿನಿಂದ ನಮ್ಮ ಪ್ಯಾಚ್ ಪರಿಶೀಲನೆಯ ಪಟ್ಟಿಯಲ್ಲಿ ಒಂದು ಸಾಲು ಹೊಸದಾಗಿ ಸೇರಿದೆ: ಇಮೇಜ್‌ನ ಕೊನೆಯ ಅಡ್ರೆಸ್ ಸ್ಕ್ರಬ್ಬರ್ ಗಡಿಯ ಒಳಗಿದೆಯೇ?